ಬಂಗಾರೆವ್ವ ಎರೆದ ಮುಂಗಲಿ

ಬಂಗಾರೆವ್ವನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎನ್ನುವವರು ಅವಳನ್ನು ದೂರದಿಂದ ಕಂಡವರು. ಹತ್ತಿರದಿಂದ ಕಂಡವರಿಗೆ ಗೊತ್ತು, ಅವಳ ಸಿಟ್ಟು ಇದ್ದದ್ದು ಕೈಯಲ್ಲಿ. ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು ಎರೆಯಲು ಕೂತಳೆಂದರೆ ಬಾಯಿ ಸುಮ್ಮನಿದ್ದರೂ ಕೈ ಬೈಯುತ್ತಿತ್ತು. ಮೈಗೆ ಅಂಟಿದ ಜಿಡ್ಡನ್ನು ಬೈಯುತ್ತಿತ್ತು, ಕತ್ತಿನ ಮಡಿಕೆಯಲ್ಲಿ ಕೂತ ಹೊಲಸನ್ನು ಬೈಯುತ್ತಿತ್ತು, ಇಷ್ಟು ದಿನ ಒದ್ದೆ ಕಾಗದದಲ್ಲಿ ಒರೆಸಿ ಸ್ನಾನ ಆಯಿತೆಂದು ಬಿಟ್ಟ ತಾಯಿಯನ್ನು ಬೈಯುತ್ತಿತ್ತು. ಕೂಸು ಮೊದಲು ಕಿರುಚಿ, ಆಮೇಲೆ ಅತ್ತು, ಕೊನೆಗೆ ನಾಲ್ಕು ತಾಸು ಮಿಸುಕದೆ ಮಲಗುತ್ತಿತ್ತು. ಆ ನಾಲ್ಕು ತಾಸಿನ ನಿದ್ದೆಗಾಗಿ ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಿಂದ ಸರಟೋಗಾದವರೆಗೆ ಕನ್ನಡದ ಬಾಣಂತಿಯರು ಅವಳಿಗೆ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಬ್ಯಾಡಗಿಯಲ್ಲಿ ಅವಳ ಓಣಿಯ ಕೂಸುಗಳೆಲ್ಲ ಆ ಕೈಯಲ್ಲೇ ಮಿಂದವು. ಗಂಡ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಒಬ್ಬಳೇ ಮಗಳು ನಿರುಪಮಾ ಡ್ಯಾನ್‌ವಿಲ್‌ಗೆ ಕರೆಸಿಕೊಂಡಳು. ಬಂದ ದಿನವೇ ಬಚ್ಚಲಮನೆ ನೋಡಿ ಬಂಗಾರೆವ್ವನ ಮೈ ಉರಿಯಿತು. ನೆಲಕ್ಕೆ ಗುಲಾಬಿ ಬಣ್ಣದ ಕಾರ್ಪೆಟ್ಟು ಹಾಸಿತ್ತು. "ಬಚ್ಚಲದಾಗ ಜಮಖಾನಿ ಹಾಸೂ ಮಂದಿ ಇವರು, ಇವರಿಗೆ ಮೈ ತೊಳಕೊಳ್ಳೂದು ಯಾರ ಕಲಿಸಬೇಕು?" ಎಂದು ಅಳಿಯನಿಗೆ ಕೇಳುವಂತೆಯೇ ಅಂದಳು. ಆಮೇಲೆ ಟಬ್ಬಿನೊಳಗೇ ಮಣೆ ಹಾಕಿಕೊಂಡು, ಕಾಲು ಚಾಚಿ ಕೂರುವುದನ್ನು ರೂಢಿಸಿಕೊಂಡಳು. ಸರಟೋಗಾದ ಮೈಥಿಲಿಯ ಮನೆಯಲ್ಲಿ ಕೂಸಿಗೆ ಲೋಬಾನದ ಹೊಗೆ ಹಾಕುವಾಗ ಚಾವಣಿಯ ಅಲಾರಮ್ಮು ಕೂಗಿಕೊಂಡು ಬಾಣಂತಿ ಬರಿಗಾಲಲ್ಲಿ ರಸ್ತೆಗೆ ಓಡಿದ್ದೂ ಉಂಟು. ಬಂಗಾರೆವ್ವ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಹೊಗೆ ಪೂರ್ತಿ ಹಾಕಿ, ಕೂಸನ್ನು ಸುತ್ತಿ ಮಲಗಿಸಿ, ಆಮೇಲೆ ಪೊರಕೆಯ ಹಿಡಿಯಿಂದ ಆ ಅಲಾರಮ್ಮನ್ನು ಬಡಿದು ಬಾಯಿ ಮುಚ್ಚಿಸಿದಳು.

ಅವಳದೊಂದೇ ಸಿದ್ಧಾಂತ: ಮೈಮೇಲಿನ ಹೊಲಸು ಹೋದರೆ ರೋಗ ಹೋಯಿತು. ಅವಳ ಅರವತ್ತೊಂದು ವರ್ಷದ ಬಾಳಿನಲ್ಲಿ ಈ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ, ಅಥವಾ ಸುಳ್ಳಾದದ್ದನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಂಬತ್ತಾರರ ಫೆಬ್ರವರಿಯಲ್ಲಿ ಆ ಮನೆಗೆ ಫೆರೆಟ್ ಎಂಬ, ಮುಂಗುಸಿಯಂಥ ಪ್ರಾಣಿ ಬಂತು. ಅಳಿಯ ದೇವೇಂದ್ರಪ್ಪ ಸೇತುವೆಗಳ ಎಂಜಿನಿಯರು. ಅವನ ಆಫೀಸಿನ ಒಬ್ಬ ಅಮೆರಿಕನ್ ಊರು ಬಿಡುವಾಗ ತನ್ನ ಸಾಕುಪ್ರಾಣಿಯನ್ನು ಪಂಜರ ಸಮೇತ ಇವನ ಕಾರಿನಲ್ಲಿ ಇಟ್ಟುಹೋದ. ಮೊಳದುದ್ದದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಳ್ಳನ ಮುಸುಕಿನಂತೆ ಕಪ್ಪು ಪಟ್ಟಿ, ಮೈತುಂಬ ಬಿಸ್ಕೀಟಿನ ಬಣ್ಣದ ಮೆತ್ತನೆಯ ಕೂದಲು. ಹನ್ನೆರಡು ವರ್ಷದ ಮೊಮ್ಮಗಳು ಶಿವಲೀಲಾ ಅದಕ್ಕೆ ಬಿಸ್ಕಿಟ್ ಎಂದು ಹೆಸರಿಟ್ಟಳು. ಬಂಗಾರೆವ್ವ ಅದನ್ನು ಒಮ್ಮೆ ನೋಡಿ, "ಇದು ಮುಂಗಲಿ. ಮುಂಗಲೀನ ಯಾರರ ಮನ್ಯಾಗ ಸಾಕತಾರೇನು?" ಎಂದಳು. ಅವಳ ಪಾಲಿಗೆ ಅದು ಕೊನೆತನಕ ಮುಂಗಲಿಯೇ.

ಸಾಕಬಾರದು ಎಂಬುದು ಅವಳೊಬ್ಬಳ ಮಾತಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಕಾಯಿದೆಯೂ ಅದನ್ನೇ ಹೇಳುತ್ತಿತ್ತು. ಸರ್ಕಾರದವರಿಗೆ ತಿಳಿದರೆ ಹಿಡಿದುಕೊಂಡು ಹೋಗುತ್ತಿದ್ದರು. ಅದಕ್ಕೆ ಹಿತ್ತಲ ಕಡೆಯ ಪರದೆ ಸದಾ ಇಳಿಬಿಟ್ಟೇ ಇರುತ್ತಿತ್ತು. ನಿರುಪಮಾ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಹೊರಗೆ ಎಲ್ಲರನ್ನೂ ಮಲಗಿಸಿ ಮನೆಯಲ್ಲಿ ಯಾರನ್ನೂ ಕೂರಗೊಡದ ಹೆಂಗಸು. ಅವಳು ಮಗಳನ್ನು ಎದುರಿಗೆ ನಿಲ್ಲಿಸಿ ಹೇಳಿದಳು: "ಲೀಲಾ, ಫೀಡಿಂಗು, ಕ್ಲೀನಿಂಗು ಎಲ್ಲಾ ನಿಂದ. ಒಂದು ದಿನ ತಪ್ಪಿದ್ರೂ ಇದು ರೀನೋಕ್ಕ ಹೋಗ್ತೈತಿ, ಜಯರಾಮ್ ಅಂಕಲ್ ಮನಿಗೆ. ನೆವಾಡಾದಾಗ ಇದು ಲೀಗಲ್ಲು." ಶಿವಲೀಲಾ ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರು ಅಂಟಿಸಿದಳು. ದಿನಾ ಮುಂಜಾನೆ ಬಟ್ಟಲು ತುಂಬಿ, ಆ ದಿನದ ಮೇಲೊಂದು ಹಸಿರು ಗೆರೆ ಎಳೆದು, ಶಾಲೆಯ ಬಸ್ಸು ಹಿಡಿಯುತ್ತಿದ್ದಳು.

ಬಂಗಾರೆವ್ವ ಒಂದು ವಾರ ಅದರ ಕಡೆ ಮುಖ ಹಾಕಲಿಲ್ಲ. ಎಂಟನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅದು ಸೀರೆಯ ನಿರಿಗೆ ಹಿಡಿದು ಮೇಲೆ ಹತ್ತಿ, ತೊಡೆಯ ಮೇಲೆ ಸುತ್ತಿಕೊಂಡು ಮಲಗಿತು. ಬೈದಳು, ಇಳಿಯಲಿಲ್ಲ. ಇನ್ನೂ ಜೋರಾಗಿ ಬೈದಳು, ಆಕಳಿಸಿತು. ಆ ಮನೆಯಲ್ಲಿ ಅವಳು ಬೈದರೆ ಎದ್ದು ಹೋಗದವರು ಅಂದಿನವರೆಗೆ ಯಾರೂ ಇರಲಿಲ್ಲ. ಅವಳಿಗೆ ಅದರ ಮೇಲೆ ಜೀವ ಬಂತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳು ಎಂದೂ ಹೇಳಲಿಲ್ಲ.

ತೊಂದರೆ ಶುರುವಾದದ್ದು ಆ ಪ್ರೀತಿಯಿಂದಲೇ. ಅದು ತಿನ್ನುವ ಕಾಳಿನ ಚೀಲ ಗ್ಯಾರೇಜಿನಲ್ಲಿತ್ತು. ಬೆಕ್ಕುಗಳಿಗೆಂದು ಮಾಡಿದ ತಿಂಡಿ, ಮೇಲೆ ಬೆಕ್ಕಿನ ಮುಖ, ಕೆಳಗೆ ಒಂದು ಕೋಳಿ. ಬಂಗಾರೆವ್ವ ಆ ಚಿತ್ರದ ಮೇಲೆ ಬೆರಳಿಟ್ಟು ಮೊಮ್ಮಗಳನ್ನು ಕೇಳಿದಳು, "ಇದ್ಯಾಕ ಇಲ್ಲೈತಿ?"

"ಅದು ಚಿಕನ್, ಅಜ್ಜಿ. ಹೀ ನೀಡ್ಸ್ ಇಟ್."

"ಯಾರು ಹೇಳಿದ್ರು?"

"ಎವ್ರಿಬಡಿ," ಎಂದು ಹುಡುಗಿ ಓಡಿದಳು.

ಬಂಗಾರೆವ್ವನ ಕೊರಳಲ್ಲಿ ಲಿಂಗ. ಮುಂಜಾನೆ ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದವಳು. ಆ ಕೈಯನ್ನೇ ಈ ಮುಂಗಲಿ ನೆಕ್ಕುತ್ತದೆ, ಆ ಮಡಿಲಲ್ಲೇ ಮಲಗುತ್ತದೆ, ಅದರ ಬಾಯಿಯಲ್ಲಿ ಕೋಳಿ! ಮಗಳಿಗೆ ಹೇಳಿದಳು. ಮಗಳು ಚಪ್ಪಲಿ ಹಾಕಿಕೊಳ್ಳುತ್ತ, "ಅವ್ವಾ, ಅದೇನ್ ಕಿಚನ್‌ನ್ಯಾಗ ಇಲ್ಲಲ್ಲ. ನೀ ಗ್ಯಾರೇಜಿಗೆ ಹೋಗಬ್ಯಾಡ, ಆತಲ್ಲ?" ಎಂದಳು. ಆಗಲಿಲ್ಲ. ಸೋಮವಾರ ಮುಂಜಾನೆ ಹಳದಿ ಬಸ್ಸು ತಿರುವು ದಾಟುವುದನ್ನು ಕಿಟಕಿಯಿಂದ ನೋಡಿ, ಬಂಗಾರೆವ್ವ ಎರಡು ಬೆರಳಲ್ಲಿ ಆ ಬಟ್ಟಲನ್ನು ಎತ್ತಿದಳು. ಕಾಳನ್ನೆಲ್ಲ ಕಸದ ಚೀಲದ ತಳಕ್ಕೆ ಸುರಿದು ಮೇಲೆ ಆಲೂಗಡ್ಡೆ ಸಿಪ್ಪೆ ಮುಚ್ಚಿದಳು. ಅನುಮಾನ ಬರದಿರಲೆಂದು ಬಟ್ಟಲಲ್ಲಿ ನಾಲ್ಕು ಕಾಳು ಉಳಿಸಿದಳು. ಕೈ ತೊಳೆದು, ಜೋಳದ ರೊಟ್ಟಿಯನ್ನು ಹಾಲಲ್ಲಿ ಕಿವುಚಿ, ತುಪ್ಪ ಬಿಟ್ಟು, ಬೆರಳಿಂದ ಅದರ ಬಾಯಿಗಿಟ್ಟಳು. ಮೊದಲ ದಿನ ಮುಖ ತಿರುಗಿಸಿತು. ಎರಡನೆಯ ದಿನ ನೆಕ್ಕಿತು. ನಾಲ್ಕನೆಯ ದಿನ ಅವಳ ಬೆರಳಿಗಾಗಿ ಕಾದು ಕೂತಿತ್ತು. ಶಾಲೆಯಿಲ್ಲದ ದಿನ ಹುಡುಗಿಯ ಬೆನ್ನು ತಿರುಗಿದ ಕೂಡಲೇ ಅದೇ ಕೆಲಸ.

"ನೋಡು, ನಮ್ಮ ಮನಿ ಅನ್ನ ಅಂದ್ರ ಹಿಂಗ," ಎಂದಳು ಅದಕ್ಕೆ. ತನ್ನ ಜನ್ಮದಲ್ಲಿ ಇದೊಂದು ಪುಣ್ಯದ ಕೆಲಸ ಮಾಡಿದೆ ಎಂದೇ ಅವಳು ನಂಬಿದಳು. ಯಾರಿಗೂ ಹೇಳಲಿಲ್ಲ, ಅಷ್ಟೇ. ಪುಣ್ಯದ ಕೆಲಸವನ್ನು ಕಸದ ಬುಟ್ಟಿಯ ತಳದಲ್ಲಿ ಯಾಕೆ ಮುಚ್ಚಿಡಬೇಕು ಎಂದು ಅವಳನ್ನು ಕೇಳುವವರಿರಲಿಲ್ಲ.

ಮಾರ್ಚ್ ಮುಗಿಯುವಷ್ಟರಲ್ಲಿ ಮನೆಯಲ್ಲಿ ವಾಸನೆ ಎದ್ದಿತು. ಮುಂಗಲಿಗೆ ಮೊದಲೂ ಒಂದು ವಾಸನೆಯಿತ್ತು, ಆದರೆ ಇದು ಬೇರೆ, ಹುಳಿತ ಹಾಲಿನ ಹಾಗೆ ಮೂಗಿಗೆ ಬಡಿಯುವಂಥದು. ಹೊಟ್ಟೆ ಕೆಟ್ಟು ಕಂಡಲ್ಲಿ ಹೊಲಸು ಮಾಡುತ್ತಿತ್ತು. ಕೂದಲ ಮಿರುಗು ಹೋಯಿತು, ಮುಟ್ಟಿದರೆ ತೆಂಗಿನ ನಾರು ಮುಟ್ಟಿದಂತೆ ಒರಟು. ನಿರುಪಮಾ ಆಸ್ಪತ್ರೆಯಿಂದ ಬಂದವಳೇ ಮೂಗು ಹಿಡಿದು, "ಇಡೀ ಫ್ಯಾಮಿಲಿ ರೂಮು ನಾರತೈತಿ! ಲೀಲಾ, ಕೇಜ್ ಕ್ಲೀನ್ ಮಾಡಿಯೋ ಇಲ್ಲೋ?" ಎಂದು ಕೂಗಿದಳು.

"ಐ ಡಿಡ್!" ಎಂದಳು ಶಿವಲೀಲಾ.

ಬಂಗಾರೆವ್ವ ಸೆರಗು ಸಿಕ್ಕಿಸಿದಳು. ವಾಸನೆ ಎಂದರೆ ಹೊಲಸು, ಹೊಲಸು ಎಂದರೆ ಸ್ನಾನ. ಬ್ಯಾಡಗಿಯಿಂದ ತಂಗಿ ಕಾಶವ್ವ ಅಂಚೆಯಲ್ಲಿ ಕಳಿಸಿದ ಸೀಗೆಪುಡಿಯಿತ್ತು, ಹರಳೆಣ್ಣೆಯಿತ್ತು, ಕಡಲೆಹಿಟ್ಟಿತ್ತು. ಶನಿವಾರ ಟಬ್ಬಿನಲ್ಲಿ ಮಣೆ ಹಾಕಿ, ಕಾಲು ಚಾಚಿ, ಮುಂಗಲಿಯನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಕೂಸಿಗೆ ಎರೆದಂತೆಯೇ ಎರೆದಳು. ಅದು ಜಾರಿತು, ಕೊಸರಿತು, ಅವಳ ಮಣಿಕಟ್ಟು ಕಚ್ಚಿತು. ಅವಳು ಬಿಡಲಿಲ್ಲ. ಎಣ್ಣೆ ಹೋಗುವವರೆಗೆ ಸೀಗೆ, ಸೀಗೆ ಹೋಗುವವರೆಗೆ ನೀರು. ಆ ಸಂಜೆ ಮನೆ ಬ್ಯಾಡಗಿಯ ಬಾಣಂತಿ ಕೋಣೆಯ ಹಾಗೆ ಗಮಗಮಿಸಿತು. ಬಂಗಾರೆವ್ವ ಮಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಮಂಗಳವಾರದ ಹೊತ್ತಿಗೆ ಮೊದಲಿಗಿಂತ ಇಮ್ಮಡಿ ವಾಸನೆ ಬಂತು.

ಮುಂದಿನ ವಾರ ಎರಡು ಸಲ ಎರೆದಳು. ಅದರ ಮುಂದಿನ ವಾರ ದಿನ ಬಿಟ್ಟು ದಿನ. ಎರೆದಷ್ಟೂ ವಾಸನೆ, ವಾಸನೆ ಬಂದಷ್ಟೂ ಎರೆಯುವುದು. ನೀರನ್ನು ಬೈದಳು, ಈ ದೇಶದ ನೀರಿನಲ್ಲಿ ಏನೋ ಮದ್ದು ಬೆರೆಸುತ್ತಾರೆಂದು. ಸೀಗೆಪುಡಿಗೆ ಹೊಟ್ಟು ಸೇರಿಸಿದ್ದಾರೆಂದು ಕಾಶವ್ವನಿಗೆ ಕಾಗದ ಬರೆದು ಬೈದಳು. ಪಂಜರದ ಬಟ್ಟೆ ಒಗೆಯುವುದಿಲ್ಲವೆಂದು ಮೊಮ್ಮಗಳನ್ನು ಬೈದಳು. ಅಜ್ಜಿ, ದಿನಾ ತೊಳೀಬೇಡ, ಹೀ ಹೇಟ್ಸ್ ಇಟ್ ಎಂದು ಹುಡುಗಿ ಬೇಡಿಕೊಂಡಳು. "ನಿಮ್ಮವ್ವಗ ಎರದವಳು ನಾ, ಬ್ಯಾಡಗಿಯೊಳಗ ನೀ ಹುಟ್ಟಿದಾಗ ನಿನಗ ಎರದವಳು ನಾ. ನನಗ ಹೇಳಾಕ ಬರಬ್ಯಾಡ," ಎಂದು ಅವಳ ಬಾಯಿ ಮುಚ್ಚಿಸಿದಳು. ಏಪ್ರಿಲ್ ಕೊನೆಯಲ್ಲಿ ಮುಂಗಲಿಯ ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕಂಡಿತು. ಮೈಯೆಲ್ಲ ಹೊಟ್ಟು. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಒಂದೊಂದಾಗಿ ಎಣಿಸಲು ಬರುತ್ತಿತ್ತು.

ಆ ವಾರವೇ ಒಂದು ರಾತ್ರಿ ಊಟದ ಮೇಜಿನ ಬಳಿ ನಿರುಪಮಾ ಆ ಬೋಳು ಬಾಲ ನೋಡಿದಳು. ಪ್ರಾಣಿಯನ್ನಲ್ಲ, ಮಗಳನ್ನು ಹಿಡಿದಳು. "ದಿಸ್ ಅನಿಮಲ್ ಈಸ್ ಸ್ಟಾರ್ವಿಂಗ್! ದಿನಾ ಊಟ ಹಾಕಿದ್ರ ಹಿಂಗ ಆಗತೈತೇನು?"

"ಐ ಫೀಡ್ ಹಿಮ್ ಎವ್ರಿ ಡೇ!" ಶಿವಲೀಲಾ ಫ್ರಿಜ್ಜಿನ ಕಡೆ ಕೈ ತೋರಿಸಿದಳು. ಹಸಿರು ಗೆರೆಗಳು ಒಂದು ದಿನವೂ ತಪ್ಪದೆ ಸಾಲಾಗಿ ನಿಂತಿದ್ದವು.

"ಗೆರಿ ಹೊಡಿಯೂದು ಯಾರಿಗೂ ಬರತೈತಿ," ಎಂದಳು ತಾಯಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ಬಂಗಾರೆವ್ವ ಹೆಗಲು ಮುಟ್ಟಿಕೊಳ್ಳಲಿಲ್ಲ, ಅದಕ್ಕಿಂತ ಹೊಲಸಾದ ಕೆಲಸ ಮಾಡಿದಳು. ಎದ್ದು ನಿಂತು, ಮಗಳಿಗಿಂತ ಮೇಲಿನ ದನಿಯಲ್ಲಿ ಮೊಮ್ಮಗಳ ಮೇಲೆ ಹರಿಹಾಯ್ದಳು. "ಸಾಲಿ ಬಿಟ್ಟು ಬಂದು ಫೋನ್ ಹಿಡಕೊಂಡು ಕುಂಡರತಿ! ಮೂಕ ಪ್ರಾಣಿ ಕಡೆ ಕಣ್ಣೆತ್ತಿ ನೋಡತೀಯೇನು? ಲಕ್ಷ್ಯ ಇದ್ದಿದ್ರ ಹಿಂಗಾಕ್ಕಿತ್ತೇನು?" ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿತು. ಆದರೂ ಮಾತು ನಿಲ್ಲಲಿಲ್ಲ. ಹುಡುಗಿ ಅಜ್ಜಿಯ ಮುಖವನ್ನೇ ನೋಡುತ್ತ ಅತ್ತಳು. ಸದಾ ತನ್ನ ಪರವಾಗಿ ಜಗಳವಾಡುವ ಅಜ್ಜಿ ಇವತ್ತೇಕೆ ಹೀಗೆ ಎಂದು ಅವಳಿಗೆ ತಿಳಿಯಲಿಲ್ಲ. ಭಾನುವಾರ ಬಿಸ್ಕಿಟ್ ರೀನೋಗೆ ಹೋಗುವುದೆಂದು ನಿರುಪಮಾ ಫೋನು ಮಾಡಿ ಜಯರಾಮನಿಗೆ ಹೇಳಿಯೇಬಿಟ್ಟಳು.

ಶನಿವಾರ ಮುಂಜಾನೆ ನಿರುಪಮಾಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಇಂಥ ರೋಗಿಷ್ಠ ಪ್ರಾಣಿಯನ್ನು ಗೆಳೆಯನ ಮನೆಗೆ ಹೇಗೆ ಕೊಡುವುದೆಂದು ದೇವೇಂದ್ರಪ್ಪ ಅದನ್ನು ಪಕ್ಕದ ಊರಿನ ಒಬ್ಬ ಪಶುವೈದ್ಯನ ಬಳಿ ಒಯ್ದ. ಆ ವೈದ್ಯ ಫೆರೆಟ್ ನೋಡುತ್ತಿದ್ದ, ಆದರೆ ತನ್ನ ಪುಸ್ತಕದಲ್ಲಿ ಬೆಕ್ಕು ಎಂದು ಬರೆದುಕೊಳ್ಳುತ್ತಿದ್ದ. ಮುಂಗಲಿ ಬಂಗಾರೆವ್ವನ ಮಡಿಲು ಬಿಟ್ಟರೆ ನಡುಗುತ್ತಿದ್ದರಿಂದ ಅವಳೂ ಹೋಗಬೇಕಾಯಿತು. ಹಳೆ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಟಳು. ಶಿವಲೀಲಾ ಕ್ಯಾಲೆಂಡರನ್ನು ಫ್ರಿಜ್ಜಿನಿಂದ ಕಿತ್ತು ಜೊತೆಗೆ ತಂದಳು.

ವೈದ್ಯ ಮುದುಕ, ನಿಧಾನಸ್ಥ. ಮುಂಗಲಿಯ ಕೂದಲನ್ನು ಎದುರುಗಡೆಗೆ ಊದಿ ನೋಡಿದ, ತುಟಿ ಎತ್ತಿ ವಸಡು ನೋಡಿದ. ಎಷ್ಟು ದಿನಕ್ಕೊಮ್ಮೆ ಸ್ನಾನ ಎಂದು ಕೇಳಿದ. ದಿನ ಬಿಟ್ಟು ದಿನ ಎಂದಾಗ ತಲೆ ಮೇಲಕ್ಕೆತ್ತಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಅವನು ಹೇಳಿದ್ದನ್ನು ದೇವೇಂದ್ರಪ್ಪ ಅತ್ತೆಗೆ ಕನ್ನಡದಲ್ಲಿ ಹೇಳಿದ.

"ಅತ್ತಿ, ಎರೆಯೂದು ಇವತ್ತಿಂದ ಬಂದ್. ಅದರ ಚರ್ಮದಾಗ ಅದರದ ಎಣ್ಣಿ ಇರತೈತಂತ. ನಾವು ತೊಳದಷ್ಟೂ ಆ ಎಣ್ಣಿ ಹೋಗಿ, ಮೈ ಒಣಗಿ, ಮತ್ತ ಹೆಚ್ಚಿಗಿ ಎಣ್ಣಿ ಬಿಡತೈತಂತ. ವಾಸನಿ ಅದರದ. ಎರಡು ಮೂರು ತಿಂಗಳಿಗೊಮ್ಮೆ ಸಾಕಂತ. ಅದರ ಹಾಸಗಿ ವಾರಕ್ಕೆರಡು ಸಲ ಒಗೀರಿ, ಪಂಜರ ದಿನಾ ಒರಸ್ರಿ, ಬ್ರಶ್ಶಿಲೆ ಕೂದಲ ಬಾಚ್ರಿ, ಅಷ್ಟ ಅಂತಾರ."

ಬಂಗಾರೆವ್ವನ ಕಿವಿ ಕಾದವು. ನೂರು ಕೂಸಿಗೆ ಎರೆದ ಕೈಗೆ, ಬೆಕ್ಕೆಂದು ಸುಳ್ಳು ಬರೆಯುವ ಡಾಕ್ಟರು ಎರೆಯುವುದು ಕಲಿಸುತ್ತಾನೆ! ಬಾಯಿ ತೆರೆಯುವಷ್ಟರಲ್ಲಿ ಅವನು ಇನ್ನೊಂದು ಮಾತು ಹೇಳಿದ, ದೇವೇಂದ್ರಪ್ಪ ಅದನ್ನೂ ಕನ್ನಡಕ್ಕಿಳಿಸಿದ. ಕೂದಲು ಬೆಳೆಯುವುದು ಸ್ನಾನದಿಂದಲ್ಲ, ಹೊಟ್ಟೆಯಿಂದ. ಇದು ಮಾಂಸ ತಿಂದು ಬದುಕುವ ಪ್ರಾಣಿ, ಬೇರೆ ಯಾವುದೂ ಇದರ ಮೈಗೆ ಹತ್ತುವುದಿಲ್ಲ. ಏನು ತಿನ್ನುತ್ತಿದೆ?

ಶಿವಲೀಲಾ ಚೀಲದ ಹೆಸರು ಹೇಳಿ ಕ್ಯಾಲೆಂಡರು ಮುಂದಿಟ್ಟಳು. ವೈದ್ಯ ಹಸಿರು ಗೆರೆಗಳನ್ನು ನೋಡಿದ, ಮುಂಗಲಿಯ ಒಣಗಿದ ಹೊಟ್ಟೆ ಮುಟ್ಟಿ ನೋಡಿದ. ಇದು ತಿಂಗಳುಗಳಿಂದ ಸರಿಯಾಗಿ ಮಾಂಸ ಕಂಡಿಲ್ಲ ಎಂದ. ಹೀಗೇ ನಡೆದರೆ ಇನ್ನು ಎರಡು ವಾರವೂ ಬದುಕುವುದಿಲ್ಲ. ಆಮೇಲೆ ದೇವೇಂದ್ರಪ್ಪನ ಕಡೆ ತಿರುಗಿ, ದನಿ ತಗ್ಗಿಸಿ, "ಕಿಡ್ಸ್ ಫರ್ಗೆಟ್," ಎಂದ. ಬೈಗುಳವಾಗಿ ಹೇಳಲಿಲ್ಲ, ಮರುಕದಿಂದ ಹೇಳಿದ.

ಫರ್ಗೆಟ್ ಎಂಬ ಮಾತು ಬಂಗಾರೆವ್ವನಿಗೆ ಗೊತ್ತಿತ್ತು. ನಿರುಪಮಾ ದಿನಕ್ಕೆ ಹತ್ತು ಸಲ ಅದನ್ನು ಆಡುತ್ತಿದ್ದಳು. ಈಗ ಹೇಳಬೇಕು ಎಂದು ಅವಳ ಒಳಗೆ ಏನೋ ಒದ್ದಿತು. ಹೇಳಲಿಲ್ಲ. ನಾಚಿಕೆ ಬಾಯಿ ಕಟ್ಟಿತು, ನಾಚಿಕೆಯ ಮೇಲೆ ಸಿಟ್ಟು ಬಂತು, ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಮುಂಗಲಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ಫ್ರೀವೇಯಲ್ಲಿ ಮನೆಗೆ ಮರಳುತ್ತಿದ್ದರು. ಅರ್ಧ ದಾರಿಯಲ್ಲಿ, ಮುಂದಿನ ಸೀಟಿನಲ್ಲಿದ್ದ ಶಿವಲೀಲಾ ಕ್ಯಾಲೆಂಡರನ್ನು ಮಡಿಚಿ ಕಾಲ ಬಳಿ ಹಾಕಿ, ಸಣ್ಣ ದನಿಯಲ್ಲಿ, "ಅಪ್ಪಾ, ಮೇಬಿ ಐ ಡಿಡ್ ಫರ್ಗೆಟ್," ಎಂದಳು.

ಹಿಂದಿನ ಸೀಟಿನಲ್ಲಿ ಬಂಗಾರೆವ್ವ ಕಲ್ಲಾದಳು. ಹುಡುಗಿ ಅತ್ತಿದ್ದರೆ ತಡೆದುಕೊಳ್ಳುತ್ತಿದ್ದಳು, ಎದುರಾಡಿದ್ದರೆ ಇನ್ನೂ ಸುಲಭವಿತ್ತು. ಒಂದು ದಿನವೂ ಮರೆಯದ ಹುಡುಗಿ ತಾನು ಮರೆತೆನೇನೋ ಎಂದು ನಂಬತೊಡಗಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ದೂರು ಕೊಡಬೇಕು? ತನ್ನ ಮೇಲೆ ಅವಳಿಗೆ ಬಂದ ಸಿಟ್ಟು ಎಂಥದೆಂದರೆ, ಆವರೆಗೆ ಬೇರೆಯವರ ಮೇಲೆ ಬಂದ ಸಿಟ್ಟೆಲ್ಲ ಆಟದ ಸಿಟ್ಟು ಅನ್ನಿಸಿತು.

ಮನೆ ತಲುಪಿದಾಗ ನಿರುಪಮಾ ಡ್ಯೂಟಿ ಮುಗಿಸಿ ಬಂದಿದ್ದಳು. ಗಂಡ ಹೇಳಿದ್ದು ಕೇಳಿಸಿಕೊಂಡು, "ಐ ನ್ಯೂ ಇಟ್," ಎಂದಳು. "ಲೀಲಾ, ನಾಳೆ ಮುಂಜಾನೆ ಎಂಟಕ್ಕ ರೀನೋ. ನೀ ಏನೂ ಹೇಳಬ್ಯಾಡ."

ಬಂಗಾರೆವ್ವ ಮುಂಗಲಿಯನ್ನು ಸೋಫಾದ ಮೇಲೆ ಇಟ್ಟು, ಗ್ಯಾರೇಜಿನ ಪಕ್ಕಕ್ಕೆ ಹೋದಳು. ಕಸದ ಡಬ್ಬಿಯೊಳಗಿಂದ ಕಪ್ಪು ಚೀಲವನ್ನು ಎಳೆದಳು. ಕಸದ ಲಾರಿ ಬರುವುದು ಮಂಗಳವಾರ, ಚೀಲದಲ್ಲಿ ನಾಲ್ಕು ದಿನದ್ದಿತ್ತು. ದರದರ ಎಳೆದುಕೊಂಡು ಅಡುಗೆಮನೆಯ ನಡುವೆ ತಂದು, ಬುಡ ಹಿಡಿದು ಬೋರಲು ಸುರುವಿದಳು. ಬಿಳಿ ಲಿನೋಲಿಯಮ್ಮಿನ ಮೇಲೆ ಸಿಪ್ಪೆ, ಚಹಾಪುಡಿ, ಹಳಸಿದ ಅನ್ನ, ಎಲ್ಲದರ ಮೇಲೆ ಒದ್ದೆಯಾಗಿ ಊದಿಕೊಂಡ ಬೆಕ್ಕಿನ ಕಾಳು, ಬೊಗಸೆ ಬೊಗಸೆ.

"ನೋಡ್ರಿ! ಕಣ್ಣ ಬಿಟ್ಟ ನೋಡ್ರಿ ಎಲ್ಲಾರೂ!" ಅವಳ ದನಿ ಸೀಳಿತು. "ನನ್ನ ಮೊಮ್ಮಗಳು ಹಾಕಿದ್ದು ಇಲ್ಲೈತಿ. ಒಂದು ದಿನ ತಪ್ಪಿಲ್ಲ ಅಕಿ. ಅಕಿ ಬಸ್ ಹತ್ತಿದ ಮ್ಯಾಲ ದಿನಾ ಚೆಲ್ಲಿದವಳು ನಾ. ಎರಡು ತಿಂಗಳ ಚೆಲ್ಲೀನಿ. ಕೋಳಿ ಅಂತ ಚೆಲ್ಲೀನಿ. ರೊಟ್ಟಿ ಹಾಲ ತಿನಿಸೀನಿ. ಸಾಯಾಕ ಹತ್ತಿದ್ದನ್ನ ತಿಕ್ಕಿ ತಿಕ್ಕಿ ಎರದೀನಿ. ಬೈಯೂದಿದ್ರ ನನ್ನ ಬೈರಿ! ಕಳಸೂದಿದ್ರ ನನ್ನ ಕಳಸ್ರಿ!"

ನಿರುಪಮಾ ನೆಲ ನೋಡಿದಳು, ತಾಯಿಯನ್ನು ನೋಡಿದಳು. ದೇವೇಂದ್ರಪ್ಪ ಪೊರಕೆ ತರಲು ಹೋದ. ಆಮೇಲೆ ನಿರುಪಮಾ ಮಗಳ ಹೆಗಲ ಮೇಲೆ ಕೈಯಿಟ್ಟಳು. ಹುಡುಗಿ ಆ ಕೈಯನ್ನು ಸರಿಸಿ ಅಜ್ಜಿಯ ಎದುರಿಗೆ ಬಂದು ನಿಂತಳು. ಹೆಚ್ಚಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅಂದು ಒಂದೊಂದು ಪದ ಹುಡುಕಿ ಕನ್ನಡದಲ್ಲಿ ಹೇಳಿದಳು.

"ನಾನು ಅಳೋದು ನೀನು ನೋಡಿದಿ, ಅಜ್ಜಿ. ನೋಡಿ ಸುಮ್ನೆ ಇದ್ದಿ."

"ಸುಮ್ಮನ ಇರಲಿಲ್ಲವ್ವಾ," ಎಂದಳು ಬಂಗಾರೆವ್ವ. "ನಾನೂ ಬೈದೆ."

ನಿರುಪಮಾ ಒಳಗೆ ಹೋಗಿ ರೀನೋಗೆ ಫೋನು ಮಾಡಿದಳು. ಒಂದು ತಿಂಗಳು ನೋಡುತ್ತೇನೆ, ಬದುಕಿ ಸುಧಾರಿಸಿದರೆ ಇಲ್ಲೇ ಇರಲಿ ಎಂದು ಜಯರಾಮನಿಗೆ ಹೇಳುವುದು ಹೊರಗೆ ಕೇಳಿಸಿತು. ದೇವೇಂದ್ರಪ್ಪ ಗ್ರೋಸರಿಗೆ ಹೋಗಿ ವೈದ್ಯ ಹೇಳಿದ ಗಾಜಿನ ಪುಟ್ಟ ಜಾಡಿಗಳನ್ನು ತಂದ. ಕೋಳಿಮಾಂಸವನ್ನು ನುಣ್ಣಗೆ ಅರೆದು ಕೂಸುಗಳಿಗೆಂದು ಮಾಡಿದ್ದು. ಇದು ಒಗ್ಗಿದ ಮೇಲೆ ಮತ್ತೆ ಕಾಳಿಗೆ ಹೋಗಬೇಕು. "ಕೂಸಿಗೆ ಕೋಳಿ ತಿನಿಸತಾರ ಇವರು, ಥೂ!" ಎಂದು ಬಂಗಾರೆವ್ವ ಮುಖ ತಿರುಗಿಸಿದಳು. ಮುಂಗಲಿಯ ಹಾಸಿಗೆಯ ಚಿಂದಿಗಳನ್ನೆಲ್ಲ ಒಟ್ಟುಮಾಡಿ, ಯಾರೂ ಹೇಳದೆ, ವಾಷಿಂಗ್ ಮಷೀನಿಗೆ ತುರುಕಿ ಬಂದಳು.

ಶಿವಲೀಲಾ ಅಡುಗೆಮನೆಯ ನೆಲದ ಮೇಲೆ ಕೂತು ಚಮಚದಲ್ಲಿ ಮಾಂಸ ಹಿಡಿದಳು. ಮುಂಗಲಿ ಮೂಸಿ ಮುಖ ತಿರುಗಿಸಿತು. ಬಟ್ಟಲಲ್ಲಿ ಹಾಕಿದಳು, ಮೂಗಿಗೆ ಸವರಿದಳು, ತನ್ನ ಬೆರಳಲ್ಲಿ ಇಟ್ಟಳು. ಅದು ತಲೆ ಕೊಡವಿ, ತೂರಾಡುತ್ತ ನೆಲ ದಾಟಿ, ಬಂಗಾರೆವ್ವನ ಪಾದದ ಬಳಿ ಹೋಗಿ ಅವಳ ಕೈಗಾಗಿ ಮುಖ ಎತ್ತಿತು. ಎರಡು ತಿಂಗಳಲ್ಲಿ ಊಟವೆಂದರೆ ಆ ಬೆರಳು ಎಂದು ಅವಳೇ ಅದಕ್ಕೆ ಕಲಿಸಿದ್ದಳು. ಬೇರೆಯವರ ಕೈಯಿಂದ ಅದು ತಿನ್ನುವುದಿಲ್ಲ. ಅದಕ್ಕೆ ಉಳಿದಿರುವ ದಿನಗಳನ್ನು ವೈದ್ಯ ಹೇಳಿದ್ದ.

ಮೊಮ್ಮಗಳು ಜಾಡಿಯನ್ನು ಅಜ್ಜಿಯ ಕಡೆ ಚಾಚಿದಳು.

ಬಂಗಾರೆವ್ವ ನೆಲಕ್ಕೆ ಕುಸಿದು ಕೂತಳು. ಮುಂಜಾನೆ ಲಿಂಗಕ್ಕೆ ವಿಭೂತಿ ಹಚ್ಚಿದ ಬಲಗೈ ಬೆರಳನ್ನು ಒಂದು ಗಳಿಗೆ ನೋಡಿದಳು. ಈ ದೇಶವನ್ನು ಬೈದಳು, ಕೋಳಿ ತಿನ್ನುವ ಪ್ರಾಣಿಯನ್ನು ಹುಟ್ಟಿಸಿದ ಶಿವನನ್ನೇ ಬೈದಳು, ತನ್ನ ಹಣೆಬರಹವನ್ನು ಬೈದಳು. ಬೈಯುತ್ತ ಬೈಯುತ್ತಲೇ ಬೆರಳನ್ನು ಜಾಡಿಯೊಳಗೆ ಅದ್ದಿ ಮುಂಗಲಿಯ ಬಾಯಿಗಿಟ್ಟಳು. ಕಣ್ಣು ಮುಚ್ಚಿಕೊಂಡಳು, ಕೈ ಮಾತ್ರ ಹಿಂದಕ್ಕೆ ಎಳೆಯಲಿಲ್ಲ. ಅದು ಮೂಸಿತು, ಹಿಂಜರಿಯಿತು, ಆಮೇಲೆ ನೆಕ್ಕಿತು.

"ನಂಗೆ ನಿನ್ನ ಮೇಲೆ ಇನ್ನೂ ಸಿಟ್ಟು ಇದೆ," ಎಂದಳು ಶಿವಲೀಲಾ.

"ಇರಲಿ. ಬಿಡಬ್ಯಾಡ ಸಿಟ್ಟ." ಬಂಗಾರೆವ್ವ ಕಣ್ಣು ತೆರೆಯಲಿಲ್ಲ. "ನಾ ತಿನಿಸೂ ಮುಂದ ಇಲ್ಲೇ ಕುಂತ ನೋಡು. ಪೂರಾ ಅದರ ಹೊಟ್ಟಿಗೆ ಹೋಗೂ ತನಕ ಏಳಬ್ಯಾಡ. ನನ್ನ ನಂಬಬ್ಯಾಡ."

ಹುಡುಗಿ ಎದುರಿಗೆ ಕಾಲು ಮಡಿಚಿ ಕೂತು, ಅಜ್ಜಿಯ ಬೆರಳ ಮೇಲಿಂದ ಕಣ್ಣು ತೆಗೆಯದೆ ನೋಡಿದಳು. ಬಂಗಾರೆವ್ವ ಮತ್ತೆ ಜಾಡಿಗೆ ಬೆರಳು ಅದ್ದಿದಳು.